ಮೂರು ನೂಲು ಗಿಡ್ಡ

ಮರಗೆಲಸದವರ ಲೆಕ್ಕದಲ್ಲಿ ಒಂದು ಇಂಚಿಗೆ ಎಂಟು ನೂಲು. ಇಂಜಿನಿಯರಿಂಗ್ ಓದಿ ಬಂದ ನನಗೆ ಇದು ಗೊತ್ತಿರಲಿಲ್ಲ. ಹುಣಸೂರಿನ ಒಬ್ಬ ಮೇಸ್ತ್ರಿ ತಮ್ಮ ಮಡಿಸುವ ಅಡಿಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿಕೊಟ್ಟರು. ಅದಕ್ಕೆ ಪ್ರತಿಯಾಗಿ ನಾನು ಅವರಿಗೆ ಏನು ಮಾಡಿದೆ ಎಂಬುದನ್ನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ನನ್ನ ಹೆಂಡತಿಗೂ ಅರ್ಧ ಮಾತ್ರ ಗೊತ್ತು, ಅದೂ ನನಗೆ ಅನುಕೂಲವಾದ ಅರ್ಧ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಮೀಟರು, ಸೆಂಟಿಮೀಟರು ಕಾನೂನಾಗಿ ಬಂದು ಬಹಳ ಕಾಲವಾಗಿತ್ತು. ಮೇಲಿನ ಕಚೇರಿಯಿಂದ ಬರುವ ನಕ್ಷೆಗಳೆಲ್ಲ ಮಿಲಿಮೀಟರಿನಲ್ಲೇ ಇರುತ್ತಿದ್ದವು. ಆದರೆ ಹುಣಸೂರಿನ ಮರದ ಡಿಪೋ, ಸಾಮಿಲ್ಲು, ಬಡಗಿಗಳ ಪಟ್ಟಿ ಯಾವುದೂ ಇಂಚು ಬಿಟ್ಟು ಅಲ್ಲಾಡಿರಲಿಲ್ಲ. ನಾನು ಆಗ ಮೈಸೂರಿನಲ್ಲಿ, ಸರ್ಕಾರದ ಕಟ್ಟಡ ವಿಭಾಗದಲ್ಲಿ ಕಿರಿಯ ಇಂಜಿನಿಯರು. ಒಂದೇ ನಕ್ಷೆಯಲ್ಲಿ ನಾಲ್ಕು ವಸತಿಶಾಲೆ ಕಟ್ಟುವ ಕೆಲಸ ನಮ್ಮ ಪಾಲಿಗೆ ಬಂತು. ಮೊದಲನೆಯದು ಹಂಪಾಪುರದ ಆಚೆ ಕಾಡಂಚಿನಲ್ಲಿ, ಕಾಡಿನ ಜನರ ಹಾಡಿಯ ಮಕ್ಕಳಿಗೆ. ಆಮೇಲೆ ಹಾರನಹಳ್ಳಿ, ಭೇರ್ಯ, ಕೊನೆಗೆ ಹುಣಸೂರಿನ ಹೊರಗೆ ಒಂದು. ಹೆಂಚಿನ ಚಾವಣಿಯನ್ನು ಹೊರುವ ಮರದ ತ್ರಿಕೋನಗಳಿಗೆ ನಾವು ಟ್ರಸ್ ಎನ್ನುತ್ತೇವೆ. ಹುಣಸೂರಿನಲ್ಲಿ ಮರ ಕುಯ್ದು, ಬೋಲ್ಟಿನ ತೂತು ಹೊಡೆದು, ತುಂಡುಗಳನ್ನು ಲಾರಿಯಲ್ಲಿ ಸಾಗಿಸಿ, ಜಾಗದಲ್ಲೇ ಟ್ರಸ್ ಜೋಡಿಸಬೇಕು. ಒಂದು ಕಟ್ಟಡಕ್ಕೆ ಮುನ್ನೂರು ಚಿಲ್ಲರೆ ಅಳತೆ. ಪ್ರತಿಯೊಂದನ್ನೂ ಮಿಲಿಮೀಟರಿನಿಂದ ಇಂಚಿಗೆ ಇಳಿಸಬೇಕು.

ನಾನು ಬೆಂಗಳೂರಿನಲ್ಲಿ ಆರು ವಾರ ಕಂಪ್ಯೂಟರ್ ತರಬೇತಿ ಮುಗಿಸಿ ಬಂದು ತಿಂಗಳಾಗಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಗುಮಾಸ್ತರು ಹದಿನೈದು ದಿನ ಕೂತು ಭಾಗಾಕಾರ ಮಾಡುವುದನ್ನು ಯಂತ್ರ ಉಸಿರು ಬಿಡುವಷ್ಟರಲ್ಲಿ ಮಾಡುತ್ತದೆ ಎಂದು ನಮ್ಮ ಸಾಹೇಬರಿಗೆ, ಅಂದರೆ ಕಾರ್ಯಪಾಲಕ ಇಂಜಿನಿಯರಿಗೆ, ಹೇಳಿದೆ. ಅವರು ಖುಷಿಯಾಗಿ ಅದನ್ನು ಮೇಲಿನವರಿಗೂ ಹೇಳಿಬಿಟ್ಟರು.

ಮೊದಲ ಪ್ರೋಗ್ರಾಂ ಬರೆಯಲು ನನಗೆ ಎರಡು ದಿನ ಹಿಡಿಯಿತು. ಫೋರ್ಟ್ರಾನ್ ಭಾಷೆ, ಒಂದು ಸಾಲಿಗೆ ತೂತು ಹೊಡೆದ ಒಂದು ರಟ್ಟಿನ ಕಾರ್ಡು. ಒಂದು ಉದಾಹರಣೆ ಕೊಡುತ್ತೇನೆ. ೧೨೩೨ ಮಿಲಿಮೀಟರನ್ನು ೨೫.೪ರಿಂದ ಭಾಗಿಸಿದರೆ ೪೮.೫೦೪ ಇಂಚು. ನಲವತ್ತೆಂಟನ್ನು ಬೇರೆ ತೆಗೆದಿಟ್ಟೆ. ಉಳಿದ ದಶಮಾಂಶವನ್ನು ಸಾವಿರದ ಮೇಲೆ ಐನೂರ ನಾಲ್ಕು ಎಂದು ಭಿನ್ನರಾಶಿ ಮಾಡಿದೆ. ಅದನ್ನು ಸಂಕ್ಷೇಪಿಸಬೇಕಲ್ಲ? ದೊಡ್ಡದನ್ನು ಚಿಕ್ಕದರಿಂದ ಭಾಗಿಸು, ಉಳಿದ ಶೇಷದಿಂದ ಆ ಚಿಕ್ಕದನ್ನು ಭಾಗಿಸು, ಶೇಷ ಸೊನ್ನೆಯಾಗುವವರೆಗೆ ಹೀಗೇ ಇಳಿದು ಹೋಗು. ಕೊನೆಯ ಭಾಜಕದಿಂದ ಮೇಲೆ ಕೆಳಗೆ ಎರಡನ್ನೂ ಭಾಗಿಸು. ಈ ಸಂಕ್ಷೇಪದ ಭಾಗವೊಂದೇ ಹನ್ನೆರಡು ಕಾರ್ಡು. ಒಂದೇ ಏಟಿಗೆ ತಪ್ಪಿಲ್ಲದೆ ಓಡಿತು. ಆ ಹನ್ನೆರಡು ಕಾರ್ಡುಗಳ ಮೇಲೆ ನನಗೆ ಮಗುವಿನ ಮೇಲಿನಷ್ಟು ಮೋಹ ಹುಟ್ಟಿತು.

ಅಚ್ಚಾಗಿ ಬಂದ ಹಾಳೆ ಹಿಡಿದು ಹುಣಸೂರಿಗೆ ಹೋದೆ. ಮೇಸ್ತ್ರಿಯ ಶೆಡ್ಡು ಸಾಮಿಲ್ಲಿನ ಪಕ್ಕದಲ್ಲೇ. ಐವತ್ತು ದಾಟಿದ ಮನುಷ್ಯ, ತಲೆಯ ಬಿಳಿ ಟೋಪಿಯ ತುಂಬ ಮರದ ಹೊಟ್ಟು. ಅವರ ಅಪ್ಪ, ತಾತ ಎಲ್ಲ ಅದೇ ಕಸುಬಿನವರು. ಅವರು ಕುಯ್ದು ಕೊಟ್ಟ ತುಂಡನ್ನು ಹುಣಸೂರಿನಲ್ಲಿ ಯಾರೂ ಮತ್ತೆ ಅಳೆದು ನೋಡುತ್ತಿರಲಿಲ್ಲ. ಅಳೆಯಲು ಹೊರಟರೆ ಪಕ್ಕದವರು ನಗುತ್ತಿದ್ದರು. ಅವರ ಬದುಕೇ ಆ ಹೆಸರಿನ ಮೇಲೆ ನಿಂತಿತ್ತು.

ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದೇನ್ ಸಾರ್ ಇದು, ನಲವತ್ತೆಂಟಿಂಚು, ಆಮ್ಯಾಕೆ ಅರವತ್ಮೂರು, ನೂರಿಪ್ಪತ್ತೈದು?"

"ಒಂದು ಇಂಚನ್ನು ನೂರಿಪ್ಪತ್ತೈದು ಭಾಗ ಮಾಡಿ, ಅದರಲ್ಲಿ ಅರವತ್ತಮೂರು," ಎಂದೆ.

"ಸರಿ ಬುಡಿ. ನೂರಿಪ್ಪತ್ತೈದು ಗೀಟು ಇರೋ ಪಟ್ಟಿ ತಂದ್ಕೊಡಿ, ಈಗ್ಲೇ ಮರ ಕೂದ್ಬುಡ್ತೀನಿ." ಅವರ ಜೊತೆಯ ಕೆಲಸದವರು ನಕ್ಕರು. ಮೇಸ್ತ್ರಿ ನಗದೆ ಪಟ್ಟಿ ಬಿಚ್ಚಿ ತೋರಿಸಿದರು. "ನೋಡಿ ಸಾರ್, ನಮ್ದು ಇಂಚಿಗೆ ಎಂಟೇ ನೂಲು. ನಾಕು ನೂಲು ಅಂದ್ರೆ ಅರ್ಧ. ನಿಮ್ ಮಿಸೀನ್ಗೆ ಎಂಟ್ರ ಲೆಕ್ಕ ಯೋಳ್ಕೊಡಿ, ಸಾಕು."

ಹಿಂದಿರುಗಿ ಪ್ರೋಗ್ರಾಂ ತಿದ್ದಿದೆ. ದಶಮಾಂಶವನ್ನು ಎಂಟರಿಂದ ಗುಣಿಸು, ಅರ್ಧ ಕೂಡಿಸು, ಬಿಂದುವಿನಾಚೆಯದನ್ನು ಬಿಟ್ಟುಬಿಡು. ಅಷ್ಟೇ, ಹತ್ತಿರದ ನೂಲು ಸಿಗುತ್ತದೆ. ಹನ್ನೆರಡು ಕಾರ್ಡುಗಳು ಬೇಡವಾದವು. ಎಸೆಯಲು ಮನಸ್ಸಾಗದೆ ರಬ್ಬರ್ ಬ್ಯಾಂಡ್ ಹಾಕಿ ಚೀಲದಲ್ಲಿ ಇಟ್ಟುಕೊಂಡೆ. ಹೊಸ ಹಾಳೆಯಲ್ಲಿ ಮೂರು ಕಂಬ ಸಾಲು: ಇಂಚು, ನೂಲು, ಮೂರನೆಯದರಲ್ಲಿ ಛೇದ, ಅಂದರೆ ಎಂಟು. ಅದರಲ್ಲೂ ಒಂದು ಎಡವಟ್ಟು. ಒಂದು ಕಡೆ "೩೬, ೮, ೮" ಎಂದು ಅಚ್ಚಾಗಿತ್ತು. ಮೇಸ್ತ್ರಿ ಅದಕ್ಕೆ ಬೆರಳಿಟ್ಟು, "ಎಂಟು ನೂಲಾದ್ರೆ ಇನ್ನೊಂದಿಂಚು ಆಗೋಯ್ತಲ್ವಾ ಸಾರ್?" ಎಂದರು. ಎಂಟು ಬಂದರೆ ಇಂಚಿಗೆ ಒಂದು ಕೂಡಿಸಿ ನೂಲನ್ನು ಸೊನ್ನೆ ಮಾಡುವ ಎರಡು ಕಾರ್ಡು ಸೇರಿಸಿದೆ. ಹೀಗೆ ಬೆಂಗಳೂರಿಗೆ ಮೂರು ಸಲ ಓಡಾಟವಾಯಿತು. ಅಲ್ಲಿನ ಕಂಪ್ಯೂಟರ್ ಕೇಂದ್ರದ ಕಿಟಕಿಯಲ್ಲಿ ಕಾರ್ಡು ಕೊಟ್ಟರೆ ಮರುದಿನ ಹಾಳೆ ಸಿಗುತ್ತಿತ್ತು.

ಪರೀಕ್ಷೆಗೆಂದು ವರಾಂಡದ ಚಿಕ್ಕ ಟ್ರಸ್ಸೊಂದನ್ನು ಮೇಸ್ತ್ರಿ ಆ ಪಟ್ಟಿಯಂತೆ ಕುಯ್ದರು. ಬೋಲ್ಟುಗಳೆಲ್ಲ ಕೈಯಲ್ಲಿ ಒತ್ತಿದರೆ ಸಾಕು, ಸಲೀಸಾಗಿ ಹೋದವು. ಮೇಸ್ತ್ರಿ ಮೊದಲ ಸಲ ನನ್ನನ್ನು ನೋಡಿ ನಕ್ಕರು. ಆಮೇಲೆ ಕೇಳಿದರು:

"ಈ ಕಡೇ ಸಾಲಲ್ಲಿ ಬರೀ ಎಂಟೇ ಐತಲ್ಲ, ಅದ್ಯಾಕ್ ಸಾರ್?"

"ಅದು ಯಾವಾಗಲೂ ಎಂಟೇ ಮೇಸ್ತ್ರಿ. ನಿಮಗೆ ಬೇಡ, ಮಡಿಸಿಬಿಡಿ."

ಅವರು ಹಾಳೆಯ ಬಲಗಡೆಯನ್ನು ನೀಟಾಗಿ ಹಿಂದಕ್ಕೆ ಮಡಿಸಿ, ಗರಗಸದ ಪಕ್ಕದ ಹಲಗೆಗೆ ಮೊಳೆಯಿಂದ ಹೊಡೆದರು. ಮುಂದೆ ಬರುವ ಹಾಳೆಗಳನ್ನೂ ಹಾಗೇ ಮಡಿಸುವಂತೆ ತಮ್ಮ ಇಬ್ಬರು ಕುಯ್ಯುವವರಿಗೂ ಹೇಳಿದರು. ಇದೆಲ್ಲ ನನ್ನ ಕಣ್ಣೆದುರಿಗೇ ಆಯಿತು.

ಇನ್ನೊಂದು ಮಾತೂ ಆ ದಿನವೇ ಆಯಿತು. ಟ್ರಸ್ಸನ್ನು ನೆಲದ ಮೇಲೆ ಪೂರ್ತಿ ಅಳತೆಯಲ್ಲಿ ಗೀಚಿ, ತುಂಡುಗಳನ್ನು ಅದರ ಮೇಲಿಟ್ಟು ನೋಡಿ, ಆಮೇಲೆಯೇ ತೂತು ಹೊಡೆಯುವುದು ಅವರ ಪದ್ಧತಿ. "ದೊಡ್ಡವನ್ನ ಒಂದ್ಸಲ ನೆಲದ ಮ್ಯಾಲೆ ಹಾಕ್ ನೋಡ್ಬುಡ್ತೀನಿ ಸಾರ್," ಎಂದರು. ಮಳೆ ಹತ್ತಿರ ಬಂದಿತ್ತು. ಹಾಗೆ ಹಾಕಿ ನೋಡಲು ಎಂಟು ಹತ್ತು ದಿನ ಬೇಕು. "ಏನೂ ಬೇಡ, ಅದಕ್ಕೇ ಅಲ್ಲವೇ ಕಂಪ್ಯೂಟರ್ ಇರುವುದು?" ಎಂದೆ. ಅವರು ನನ್ನ ಮಾತು ನಂಬಿದರು.

ಪೂರ್ತಿ ಪಟ್ಟಿ ತರಲು ಬೆಂಗಳೂರಿಗೆ ಹೋದಾಗ, ನಮಗೆ ಪಾಠ ಮಾಡಿದ್ದ ಮೇಷ್ಟ್ರು ಅಲ್ಲೇ ಸಿಕ್ಕರು. ನನ್ನ ಕೈಯಲ್ಲಿದ್ದ ಪರೀಕ್ಷೆಯ ಹಾಳೆ ತೆಗೆದುಕೊಂಡು ನೋಡಿ, "ನಾಲ್ಕು ಬೈ ಎಂಟು? ಮಿಡ್ಲ್ ಸ್ಕೂಲ್ ಹುಡುಗ ಹೀಗೆ ಬರೆದರೆ ಅರ್ಧ ಮಾರ್ಕು ಕಳೀತೀನಿ ಕಣಯ್ಯಾ," ಎಂದರು. ಪಕ್ಕದಲ್ಲಿದ್ದವರು ಕೇಳಿಸಿಕೊಂಡರು. ನನಗೆ ಕಿವಿ ಬಿಸಿಯಾಯಿತು. ಚೀಲದಲ್ಲಿ ಹನ್ನೆರಡು ಕಾರ್ಡು ಇತ್ತಲ್ಲ. ರಬ್ಬರ್ ಬ್ಯಾಂಡ್ ಬಿಚ್ಚಿ, ಅವನ್ನು ಅಚ್ಚು ಮಾಡುವ ಸಾಲಿಗೆ ಮುಂಚೆ ಸಿಕ್ಕಿಸಿ, ಕಿಟಕಿಯಲ್ಲಿ ಕೊಟ್ಟೆ. ಐದು ನಿಮಿಷದ ಕೆಲಸ. ಮರುದಿನ ಬಂದ ಹಾಳೆಗಳಲ್ಲಿ ೪/೮ ಹೋಗಿ ೧/೨ ಆಗಿತ್ತು, ೬/೮ ಹೋಗಿ ೩/೪ ಆಗಿತ್ತು. ಮೇಷ್ಟ್ರಿಗೆ ತೋರಿಸಿದೆ. "ಹಾಂ, ಈಗ ಲಕ್ಷಣವಾಗಿದೆ," ಎಂದರು.

ಆಗ ಮೇಸ್ತ್ರಿ ನೆನಪಾದರೋ ಇಲ್ಲವೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮರೆತಿದ್ದೆ ಎಂದು ಬರೆಯಬಹುದು, ಸುಲಭ. ಆದರೆ ನೆನಪಾದರು. ವಾಪಸು ರೈಲಿನಲ್ಲಿ ಬರುವಾಗ ಒಂದು ಕ್ಷಣ ಆ ಮಡಿಸಿದ ಹಾಳೆ ಕಣ್ಣ ಮುಂದೆ ಬಂತು. ಅರ್ಧ, ಮುಕ್ಕಾಲು ಯಾರಿಗೆ ತಿಳಿಯದು, ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡು ಸುಮ್ಮನಾದೆ. ಮೈಸೂರಿನಲ್ಲಿ ಬೇರೆ ಕೆಲಸವಿತ್ತೆಂದು ಹಾಳೆಗಳನ್ನು ಕಚೇರಿಯ ಜವಾನರ ಕೈಯಲ್ಲಿ ಹುಣಸೂರಿಗೆ ಕಳುಹಿಸಿದೆ. ಒಂದು ಚೀಟಿಯನ್ನೂ ಬರೆದಿಡಲಿಲ್ಲ.

ಲಾರಿ ಹಂಪಾಪುರ ದಾಟಿ ಹಾಡಿಯ ಹತ್ತಿರ ಮರ ಇಳಿಸಿದ್ದು ಮೇ ತಿಂಗಳ ಮೊದಲಲ್ಲಿ. ಎತ್ತಿ ಹಿಡಿಯಲು ಹಾಡಿಯ ಗಂಡಸರು ಬಂದಿದ್ದರು, ಅವರ ಯಜಮಾನನೂ ಜೊತೆಗಿದ್ದ. ಮೊದಲ ಟ್ರಸ್ಸನ್ನು ನೆಲದ ಮೇಲೆ ಜೋಡಿಸಲು ಹೊರಟರೆ ಬೋಲ್ಟು ಹೋಗಲಿಲ್ಲ. ಒಂದು ಕಡೆ ತೂತು ಕೂಡಿಸಿದರೆ ಇನ್ನೊಂದು ಕಡೆ ತಪ್ಪುತ್ತಿತ್ತು. ಸುತ್ತಿಗೆಯಲ್ಲಿ ಹೊಡೆದರು, ಮರ ಸೀಳಿತು. ನಾನು ಅಡಿಪಟ್ಟಿ ಹಿಡಿದು ಒಂದು ತುಂಡು ಅಳೆದೆ. ನಲವತ್ತೆಂಟೂವರೆ ಇಂಚು ಇರಬೇಕಾದದ್ದು ನಲವತ್ತೆಂಟು ಇಂಚು ಒಂದು ನೂಲು ಇತ್ತು. ಮೂರು ನೂಲು ಗಿಡ್ಡ.

ಹೇಳಿ ಕಳಿಸಿದ್ದಕ್ಕೆ ಮೇಸ್ತ್ರಿ ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಬಂದಿಳಿದರು. ಅವರು ಚೀಲ ಕೆಳಗಿಡುವ ಮೊದಲೇ ನಾನು ಬಾಯಿ ಮಾಡಿದೆ.

"ಏನು ಮೇಸ್ತ್ರಿ ಇದು? ಕಣ್ಣು ಕಾಣಿಸುತ್ತೋ ಇಲ್ಲವೋ? ಸರ್ಕಾರದ ಮರ ಇದು, ಸೌದೆ ಅಲ್ಲ!"

ಅವರು ಕೂತು ನಾಲ್ಕು ತುಂಡು ಅಳೆದರು. ಮುಖ ಸಣ್ಣಗಾಯಿತು. "ಹಾಳೇಲಿದ್ದಂಗೇ ಕೂದಿವ್ನಿ ಸಾರ್. ಅದ್ರಲ್ಲಿ ಒಂದು ನೂಲು ಅಂತ್ಲೇ ಐತೆ."

"ಹಾಳೆ ಕಂಪ್ಯೂಟರಿನದು. ಅದು ತಪ್ಪುವುದಿಲ್ಲ. ತಪ್ಪುವವರು ನೀವು, ನಾವು."

"ಒಂದ್ಸಲ ನೀವೇ ಬಂದು ನೋಡಿ ಸಾರ್. ಹಲಗೇಗೆ ಹೊಡ್ದಂಗೇ ಐತೆ."

ಹುಣಸೂರು ಎಷ್ಟು ದೂರ? ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ನನ್ನ ಚೀಲದಲ್ಲೇ ಪಟ್ಟಿಯ ಪ್ರತಿ ಇತ್ತು, ಅದನ್ನೂ ಬಿಚ್ಚಿ ಅವರ ಮುಂದೆ ಇಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅಂದೇ ಕೂತು ವರದಿ ಬರೆದೆ: "ಮರ ಕುಯ್ಯುವಲ್ಲಿ ಮೇಸ್ತ್ರಿಯ ಅಜಾಗರೂಕತೆ." ಸಾಹೇಬರು ಎರಡೇ ದಿನದಲ್ಲಿ ಮೇಸ್ತ್ರಿಯ ಕೆಲಸ ನಿಲ್ಲಿಸಿದರು. ಉಳಿದ ಮೂರು ಕಟ್ಟಡಗಳ ಮರಗೆಲಸ ಮೈಸೂರಿನ ಒಂದು ಅಂಗಡಿಗೆ ಎಂದು ನಿಶ್ಚಯವಾಯಿತು. ಸುದ್ದಿ ಹುಣಸೂರಿಗೆ ಆದೇಶಕ್ಕಿಂತ ಮುಂಚೆ ತಲುಪಿತ್ತು. ಯಾರೋ ಒಬ್ಬ ಗಿರಾಕಿ ಮೇಸ್ತ್ರಿಯ ಶೆಡ್ಡಿನಲ್ಲೇ ನಿಂತು, ತನ್ನ ಮನೆಯ ಬಾಗಿಲ ಚೌಕಟ್ಟನ್ನು ಅವರ ಎದುರಿಗೇ ಅಳೆದು ನೋಡಿದನಂತೆ. ಮೇಸ್ತ್ರಿ ಟೀ ಅಂಗಡಿಯಲ್ಲಿ ನನ್ನ ಮೇಲೆ ಏನೋ ಅಂದರು ಎಂದೂ ಜವಾನರು ಬಂದು ಹೇಳಿದರು. ನನಗೆ ಸಿಟ್ಟು ಬಂತು. ನಾಚಿಕೆಯಾಗಬೇಕಾದ ಕಡೆ ಸಿಟ್ಟು ಬಂತು, ನೋಡಿ.

ಹಾಳಾದ ಮರದ ಪಟ್ಟಿ ಮಾಡಲು ಮತ್ತೆ ಹಾಡಿಗೆ ಹೋದೆ. ನಾನು ನನ್ನ ಪ್ರತಿ ಹಿಡಿದು ಒಂದೊಂದೇ ತುಂಡು ಅಳೆದು "ಸರಿ", "ಗಿಡ್ಡ" ಎಂದು ಕೂಗುವುದು, ಯಜಮಾನ ಎರಡು ರಾಶಿ ಮಾಡುವುದು. ಮಧ್ಯಾಹ್ನದ ಹೊತ್ತಿಗೆ ಎರಡು ರಾಶಿಯೂ ಸೊಂಟದ ಮಟ್ಟಕ್ಕೆ ಬಂದಿದ್ದವು. ಅವನು ಬೆವರು ಒರೆಸಿಕೊಂಡು, "ಸಾಮಿ, ಒಂದು ಕೇಳ್ಲಾ?" ಎಂದ.

"ಕೇಳು."

"ಬೆಳಿಗ್ಗೆಯಿಂದ ಸರಿ ಅಂತೀರಿ, ಗಿಡ್ಡ ಅಂತೀರಿ. ಉದ್ದ ಅಂತ ಒಂದ್ಸಲಾನೂ ಅನ್ನಾಕಿಲ್ಲವಲ್ಲ. ಕಣ್ ಕಾಣ್ದೋನು ಕೂದಿದ್ರೆ ಒಂದು ಗಿಡ್ಡ ಆಯ್ತದೆ, ಒಂದು ಉದ್ದಾನೂ ಆಯ್ತದೆ. ಇದು ಅಂಗಲ್ಲ ಕಣ್ ಸಾಮಿ. ಯಾರೋ ಯೋಳ್ಕೊಟ್ಟಂಗೆ ಗಿಡ್ಡ ಆಗವೆ."

ಕೈಯಲ್ಲಿದ್ದ ಹಾಳೆಯನ್ನು ನೋಡಿದೆ. ಸರಿ ಎಂದು ಗುರುತು ಹಾಕಿದ್ದೆಲ್ಲ ಎಂಟರ ಮೇಲಿನವು: ೧/೮, ೩/೮, ೫/೮, ೭/೮. ಅಥವಾ ಪೂರ್ತಿ ಇಂಚು. ಗಿಡ್ಡ ಎಂದು ಗುರುತು ಹಾಕಿದ್ದೆಲ್ಲ ೧/೪, ೧/೨, ೩/೪. ಮೇಸ್ತ್ರಿಯ ಮಡಿಸಿದ ಹಾಳೆಯಲ್ಲಿ ಮೂರನೆಯ ಸಾಲಿನ ಛೇದ ಕಾಣುವುದಿಲ್ಲ. ಅರ್ಧ ಎಂಬುದು ಅವರಿಗೆ ಬರೀ ಒಂದು, ಅಂದರೆ ಒಂದು ನೂಲು. ಮುಕ್ಕಾಲು ಎಂಬುದು ಬರೀ ಮೂರು, ಅಂದರೆ ಮೂರು ನೂಲು. ಮಡಿಸಿ ಎಂದವನು ನಾನು. ಆಮೇಲೆ ಹೇಳದೆ ಕೇಳದೆ ಹನ್ನೆರಡು ಕಾರ್ಡು ಸೇರಿಸಿದವನೂ ನಾನು. ನೆಲದ ಮೇಲೆ ಹಾಕಿ ನೋಡುವುದನ್ನು ತಪ್ಪಿಸಿದವನೂ ನಾನೇ. ಯಂತ್ರ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಮೇಸ್ತ್ರಿಯೂ ಚಾಚೂ ತಪ್ಪದೆ ಮಾಡಿದ್ದರು.

ನಾನು ಮರದ ರಾಶಿಯ ಮೇಲೆ ಕೂತುಬಿಟ್ಟೆ. ಯಜಮಾನ ನೀರು ತಂದುಕೊಟ್ಟ. ಅವನ ಮುಖ ನೋಡಲಾಗಲಿಲ್ಲ. ಒಂದು ವಾರದ ಹಿಂದೆ ಇದೇ ಜಾಗದಲ್ಲಿ, ಇವನ ಮುಂದೆಯೇ, ನನ್ನ ಅಪ್ಪನ ವಯಸ್ಸಿನವರಿಗೆ ಕಣ್ಣು ಕಾಣಿಸುತ್ತೋ ಎಂದು ಕೇಳಿದ್ದೆ.

ಹೇಳಿಬಿಡಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಆ ತೀರ್ಮಾನ ನಿಜವಾದದ್ದೇ, ಅದರಲ್ಲಿ ಸುಳ್ಳಿಲ್ಲ. ಆದರೆ ಬಸ್ಸಿಗೆ ಕಾಯುತ್ತಿರುವಾಗ ಲೆಕ್ಕಾಚಾರ ಶುರುವಾಯಿತು. ಮೊದಲು ಮೇಸ್ತ್ರಿಯ ಹತ್ತಿರ ಹೋಗಿ ಏನು ಪ್ರಯೋಜನ, ಕೆಲಸ ನಿಲ್ಲಿಸಿದವರು ಸಾಹೇಬರು, ಅವರಿಗೆ ಹೇಳಿ ಆದೇಶ ವಾಪಸು ಮಾಡಿಸಿಕೊಂಡೇ ಹೋಗೋಣ ಎನಿಸಿತು. ಹುಣಸೂರಿನ ಬಸ್ಸು ಹತ್ತಬೇಕಾದವನು ಮೈಸೂರಿನ ಬಸ್ಸು ಹತ್ತಿದೆ.

ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಕಾರ್ಡು, ಮೇಷ್ಟ್ರು, ಮಡಿಸಿದ ಹಾಳೆ, ಎಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನು ಹೀಗೇ ಬರೆದುಕೊಟ್ಟರೆ ನಿನ್ನ ಮೇಲೆ ವಿಚಾರಣೆ ಆಗುತ್ತೆ. ಮರದ ನಷ್ಟ ನಿನ್ನ ತಲೆಗೆ ಬರುತ್ತೆ. ನಾನು ಮೇಲಿನವರಿಗೆ ಹೇಳಿದ್ದೂ ನೀರಿನಲ್ಲಿ ಹೋಮ. ಮೇಸ್ತ್ರಿ ಬಚಾವಾಗಬೇಕು, ಅಷ್ಟೇ ತಾನೇ?"

"ಹೌದು ಸಾರ್."

"ಹಾಗಾದರೆ ಯಂತ್ರದ ಮುದ್ರಣದೋಷ ಅಂತ ಬರಿ. ಯಂತ್ರ ಬಂದು ಇಲ್ಲ ಅನ್ನುತ್ತಾ?"

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಕಥೆ ಎಲ್ಲರಿಗೂ ಗೊತ್ತು. ನಾನು ಪೆನ್ನು ತೆಗೆದುಕೊಂಡೆ. ಅಕ್ಷರ ದುಂಡಾಗಿಯೇ ಬಂದವು. ಅರ್ಧ ಗಂಟೆಯಲ್ಲಿ ಮೇಸ್ತ್ರಿ ನಿರ್ದೋಷಿಯಾದರು, ನಾಲ್ಕೂ ಕಟ್ಟಡ ಮತ್ತೆ ಅವರ ಪಾಲಿಗೆ ಬಂತು, ನನ್ನ ನೌಕರಿಯೂ ಉಳಿಯಿತು. ಹಂಪಾಪುರದ ಚಾವಣಿ ಮಳೆಗೆ ಮುಂಚೆಯೇ ಏರಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಗಿಡ್ಡ ತುಂಡುಗಳನ್ನು ಮೇಸ್ತ್ರಿ ಕಿಟಕಿ ಚೌಕಟ್ಟಿಗೆ ಹೊಂದಿಸಿ, ಹೊಸ ಮರವನ್ನು ನೆಲದ ಮೇಲೆ ಗೀಚಿ ಇಟ್ಟು ನೋಡಿಯೇ ಕುಯ್ದರು. ಇದನ್ನು ಕೊನೆಗೆ ಹೇಳಿದರೆ ಎಲ್ಲ ಸುಖವಾಗಿ ಮುಗಿದಂತೆ ಕಾಣುತ್ತದೆ, ಅದಕ್ಕೇ ಇಲ್ಲಿ ಹೇಳಿದೆ.

ಆದೇಶದ ಪ್ರತಿ ಹಿಡಿದು ಮರುದಿನ ಹುಣಸೂರಿಗೆ ಹೋದೆ. ಶೆಡ್ಡಿನಲ್ಲಿ ಗರಗಸದ ಸದ್ದಿರಲಿಲ್ಲ. ಮೇಸ್ತ್ರಿ ಒಬ್ಬರೇ ಕೂತು ಉಳಿ ಮಸೆಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಆದರೆ ಬನ್ನಿ ಎನ್ನಲಿಲ್ಲ. ಆದೇಶ ಓದಿ ಹೇಳಿದೆ. "ಯಂತ್ರದ ಮುದ್ರಣದೋಷ" ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

"ಮಿಸೀನ್ದಾ ಸಾರ್ ತಪ್ಪು?"

ಇದೇ ಆ ಗಳಿಗೆ. ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಕಡತದಲ್ಲಿ ಏನಾದರೂ ಇರಲಿ, ಇವರೊಬ್ಬರಿಗೆ ನಿಜ ಹೇಳಿದ್ದರೆ ನನಗೆ ಯಾವ ನಷ್ಟವೂ ಆಗುತ್ತಿರಲಿಲ್ಲ. ಅವರು ಸಾಹೇಬರ ಹತ್ತಿರ ಹೋಗಿ ಹೇಳುವವರಲ್ಲ.

"ಹೌದು ಮೇಸ್ತ್ರಿ, ಯಂತ್ರದ್ದು," ಎಂದೆ.

ಅವರು ಹಾಗೇ ಕೆಳಗೆ ಕೂತರು. ಟೋಪಿ ತೆಗೆದು, ಹೊಟ್ಟು ಕೊಡವಿ, ಮತ್ತೆ ಹಾಕಿಕೊಂಡರು. ಆಮೇಲೆ ಎದ್ದು ಬಂದು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದರು.

"ಸಾರ್, ನಂದೊಂದು ತಪ್ಪಾಗೋಯ್ತು. ನಾನು ನಿಮ್ ಮ್ಯಾಲೆ ಅನ್ಮಾನ ಪಟ್ಬುಟ್ಟೆ. ಆ ಇಂಜಿನಿಯರ್ರು ಲೆಕ್ಕದಾಗೆ ಏನೋ ಬದ್ಲಾಯ್ಸವ್ರೆ, ಈಗ ನನ್ ತಲೆಗೆ ಕಟ್ಟವ್ರೆ ಅಂತ ಟೀ ಅಂಗ್ಡೀಲಿ ನಾಕ್ ಜನದ ಮುಂದೆ ಅಂದ್ಬುಟ್ಟೆ. ಪಾಪ, ನೀವು ನನ್ಗೋಸ್ಕರ ಮೈಸೂರ್ಗೋಗಿ ಬರ್ಸ್ಕೊಂಡ್ ಬಂದಿದ್ದೀರಿ. ಮಾಫ್ ಮಾಡ್ಬುಡಿ ಸಾರ್."

ಅವರ ಅಂಗೈ ಒರಟಾಗಿತ್ತು, ಬಿಸಿಯಾಗಿತ್ತು. ಕಣ್ಣಲ್ಲಿ ನೀರಿತ್ತು.

"ಪರವಾಗಿಲ್ಲ ಬಿಡಿ ಮೇಸ್ತ್ರಿ," ಎಂದೆ. "ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ."

ಟೀ ತರಿಸಿ ಕುಡಿಸಿ ಬಸ್ಸಿನವರೆಗೂ ಬಂದು ಹತ್ತಿಸಿದರು. ಮುಂದಿನ ವಾರ ಜವಾನರು ಹೇಳಿದ ಮೇಲೆ ನನಗೆ ಗೊತ್ತಾಯಿತು: ನನ್ನನ್ನು ಬಸ್ಸು ಹತ್ತಿಸಿದವರು ಮನೆಗೆ ಹೋಗಲಿಲ್ಲವಂತೆ. ಆ ನಾಲ್ಕು ಜನರ ಬಾಗಿಲಿಗೂ ಹೋಗಿ, ಇಂಜಿನಿಯರ ಮೇಲೆ ತಾವು ಹೇಳಿದ್ದು ಸುಳ್ಳು, ಅಲ್ಲಾ ಕ್ಷಮಿಸಲಿ ಎಂದು ಒಬ್ಬೊಬ್ಬರಿಗೂ ಹೇಳಿ ಬಂದರಂತೆ.